ಘಾಟಿ, ತೋಟದ ದಾರಿ, ಮಣ್ಣುರಸ್ತೆ: ನಿಮಗೆ ಯಾವ ಸೈಕಲ್ ಸರಿ?

ಭಾನುವಾರ ನಂದಿಬೆಟ್ಟ ಹತ್ತಬೇಕು, ರಜೆ ಸಿಕ್ಕರೆ ಚಿಕ್ಕಮಗಳೂರು ಕಡೆಯ ಕಾಫಿತೋಟದ ದಾರಿಗಳಲ್ಲಿ ಸುತ್ತಬೇಕು, ಕೈಯಲ್ಲಿ ಮೂವತ್ತೋ ಐವತ್ತೋ ಸಾವಿರ ಇದೆ. ಅಂಗಡಿಗೆ ಹೋದರೆ ರೋಡ್ ಬೈಕ್, ಹೈಬ್ರಿಡ್, ಎಂಟಿಬಿ (ಮೌಂಟನ್ ಬೈಕ್), ಗ್ರ್ಯಾವೆಲ್ ಎಂದು ನಾಲ್ಕು ಸಾಲು. ಮಾರುವವರು ತೂಕ, ಬ್ರ್ಯಾಂಡು, ಗೇರುಗಳ ಸಂಖ್ಯೆಯ ಬಗ್ಗೆ ಹೇಳುತ್ತಾರೆ. ಏರುದಾರಿಯಲ್ಲಿ ಇವು ಮೂರೂ ಹಿಂದೆ ಸರಿಯುತ್ತವೆ. ಅಲ್ಲಿ ಲೆಕ್ಕಕ್ಕೆ ಬರುವುದು ಸೈಕಲ್ಲಿನ ಅತಿ ಹಗುರವಾದ, ಅಂದರೆ ತುಳಿಯಲು ಅತಿ ಸುಲಭವಾದ ಗೇರ್, ಟೈರಿನ ಅಗಲ ಮತ್ತು ಇಳಿಯುವಾಗ ಕೈಕೊಡದ ಬ್ರೇಕ್. ಈ ಮೂರನ್ನು ಅಳೆಯಲು ಕಲಿತರೆ ಯಾವ ಸಾಲಿನ ಮುಂದೆ ನಿಲ್ಲಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ದಾರಿಯ ಲೆಕ್ಕ

ಮುಂದಿನ ಒಂದು ವರ್ಷ ನೀವು ನಿಜವಾಗಿ ಓಡಿಸುವ ದಾರಿಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಆಸೆಯ ದಾರಿಗಳು ಬೇಡ, ಮನೆಯಿಂದ ಬೆಳಿಗ್ಗೆ ಆರಕ್ಕೆ ಹೊರಟು ಮಧ್ಯಾಹ್ನದೊಳಗೆ ಮರಳುವಂಥವು ಸಾಕು. ಪ್ರತಿಯೊಂದರ ಎದುರು ಒಳ್ಳೆಯ ಟಾರು ಎಷ್ಟು, ಕಿತ್ತುಹೋದ ಟಾರು ಎಷ್ಟು, ಮಣ್ಣು ಮತ್ತು ಜಲ್ಲಿ ಎಷ್ಟು ಎಂದು ಅಂದಾಜು ಹಾಕಿ.

ಬೆಂಗಳೂರಿನಿಂದ ನಂದಿಬೆಟ್ಟದ ತುದಿಯವರೆಗೆ (1,478 ಮೀಟರ್ ಎತ್ತರ) ಪೂರ್ತಿ ಟಾರು. ಮಲೆನಾಡಿನ ಕತೆ ಬೇರೆ. ನಕ್ಷೆಯಲ್ಲಿ ಟಾರು ರಸ್ತೆ ಎಂದು ಕಾಣುವುದು ಮಳೆಗಾಲ ಮುಗಿಯುವ ಹೊತ್ತಿಗೆ ಅರ್ಧ ಜಲ್ಲಿ ಎದ್ದ ದಾರಿಯಾಗಿರುತ್ತದೆ. ನೆರಳಿರುವ ತಿರುವುಗಳಲ್ಲಿ ಪಾಚಿ ಕಟ್ಟಿರುತ್ತದೆ, ತೋಟದ ಗೇಟು ದಾಟಿದರೆ ಕೆಮ್ಮಣ್ಣು. ಕೊಡಗಿನ ಒಳರಸ್ತೆಗಳೂ ಹಾಗೆಯೇ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗದ ಬಂಡೆಗುಡ್ಡಗಳ ನಡುವಿನ ಗಾಡಿದಾರಿಗಳಲ್ಲಿ ಕೆಸರಿನ ಕಾಟ ಕಡಿಮೆ, ಆದರೆ ಜಾಲಿಮುಳ್ಳು ಮತ್ತು ನೆಗ್ಗಿಲುಮುಳ್ಳು ಟ್ಯೂಬಿಗೆ ದಾರಿ ನೋಡುತ್ತಿರುತ್ತವೆ. ಒಂದೇ ಜಿಲ್ಲೆಯ ಎರಡು ದಾರಿಗಳು ಎರಡು ಬೇರೆ ಸೈಕಲ್ ಕೇಳುವುದೂ ಉಂಟು. ಆಗ ಹೆಚ್ಚು ಓಡಿಸುವ ದಾರಿಗೆ ಸೈಕಲ್ ತೆಗೆದುಕೊಂಡು ಇನ್ನೊಂದನ್ನು ನಿಧಾನವಾಗಿ ದಾಟುವುದೇ ಜಾಣತನ.

ಹಗುರವಾದ ಗೇರ್: ಇದೊಂದನ್ನು ತಪ್ಪಬೇಡಿ

ಮುಂದಿನ ಅತಿ ಚಿಕ್ಕ ಚೈನ್‌ರಿಂಗಿನ (ಪೆಡಲ್ ಬಳಿಯ ಹಲ್ಲುಚಕ್ರದ) ಹಲ್ಲುಗಳನ್ನು ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಹಲ್ಲುಗಳಿಂದ ಭಾಗಿಸಿ. ಮುಂದೆ 34, ಹಿಂದೆ 28 ಇದ್ದರೆ 1.21. ಮುಂದೆ 28, ಹಿಂದೆ 34 ಇದ್ದರೆ 0.82. ಈ ಸಂಖ್ಯೆ ಸಣ್ಣದಾದಷ್ಟೂ ಏರು ಹಗುರ. '21 ಗೇರ್', '24 ಗೇರ್' ಎಂಬ ಮಾತಿನಿಂದ ಇದು ತಿಳಿಯುವುದಿಲ್ಲ. 21 ಗೇರಿನ ಸೈಕಲ್ಲಿಗಿಂತ ಹಗುರವಾದ ಗೇರು 11 ಗೇರಿನ ಸೈಕಲ್ಲಿನಲ್ಲಿ ಇರಬಹುದು.

ಇದು ಯಾಕೆ ಇಷ್ಟು ಮುಖ್ಯ ಎನ್ನುವುದಕ್ಕೆ ಒಂದು ಲೆಕ್ಕ. ಸವಾರ, ಸೈಕಲ್, ನೀರು, ಚೀಲ ಎಲ್ಲ ಸೇರಿ 90 ಕಿಲೋ ಎಂದುಕೊಳ್ಳಿ. ವಾರಕ್ಕೆರಡು ಬಾರಿ ಸೈಕಲ್ ಹೊಡೆಯುವ ಆರೋಗ್ಯವಂತರು ಮುಕ್ಕಾಲು ಗಂಟೆ ಎಡೆಬಿಡದೆ ಕೊಡಬಲ್ಲ ಶಕ್ತಿ ಸುಮಾರು 150 ವಾಟ್. ಶೇ 8ರ ಏರಿನಲ್ಲಿ, ಅಂದರೆ ನೂರು ಮೀಟರ್ ಹೋಗುವಷ್ಟರಲ್ಲಿ ಎಂಟು ಮೀಟರ್ ಎತ್ತರ ಹತ್ತುವಲ್ಲಿ, ಈ ಶಕ್ತಿಗೆ ಸಿಗುವ ವೇಗ ಗಂಟೆಗೆ ಸುಮಾರು 7 ಕಿ.ಮೀ. ಯಾವ ಸೈಕಲ್ ಆದರೂ ಹೆಚ್ಚುಕಡಿಮೆ ಅಷ್ಟೇ. ಆ ವೇಗದಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ಪೆಡಲ್ ತಿರುಗುತ್ತದೆ ಎಂಬುದರಲ್ಲಿ ವ್ಯತ್ಯಾಸ ಬರುತ್ತದೆ:

- ರೋಡ್ ಬೈಕ್, ಮುಂದೆ 34, ಹಿಂದೆ 28: ಸುಮಾರು 46 ಸುತ್ತು
- ರೋಡ್ ಬೈಕ್, 34 ಮತ್ತು 34: 55
- ಗ್ರ್ಯಾವೆಲ್, 30 ಮತ್ತು 34: 60
- ಹೈಬ್ರಿಡ್, 28 ಮತ್ತು 34: 65
- ಎಂಟಿಬಿ, 32 ಮತ್ತು 50 ಅಥವಾ 22 ಮತ್ತು 34: 80

ಐವತ್ತಕ್ಕಿಂತ ಕೆಳಗೆ ಇಳಿದರೆ ಪ್ರತಿ ತುಳಿತವೂ ಮಂಡಿಯ ಮೇಲೆ ಬೀಳುತ್ತದೆ. ಹತ್ತು ನಿಮಿಷ ತಡೆದುಕೊಳ್ಳಬಹುದು. ನಂದಿಯ ಏಳೆಂಟು ಕಿ.ಮೀ. ಏರಿನಲ್ಲಿ ಕೊನೆಯ ಕಡಿದಾದ ಭಾಗ ಬರುವಷ್ಟರಲ್ಲಿ ಕಾಲು ನಿಂತುಹೋಗುತ್ತದೆ, ಮರುದಿನ ಮಂಡಿಯ ಮುಂಭಾಗ ನೋಯುತ್ತದೆ. ಶೇ 12ರ ತುಂಡು ಸಿಕ್ಕರೆ 34–28ರ ಸವಾರ 31 ಸುತ್ತಿಗೆ ಇಳಿಯುತ್ತಾರೆ. ಆ ವೇಗದಲ್ಲಿ ಸಮತೋಲ ಹಿಡಿಯುವುದೇ ಕಷ್ಟ. ನಮ್ಮಲ್ಲಿ ವಾಹನ ಎಡಗಡೆ ಚಲಿಸುವುದರಿಂದ ಹತ್ತುವಾಗ ಎಡಕ್ಕೆ ತಿರುಗುವ ಹೇರ್‌ಪಿನ್ ತಿರುವಿನ ಒಳಮೈ ನಮ್ಮ ಪಾಲಿಗೆ ಬರುತ್ತದೆ, ಅಲ್ಲಿ ಏರು ಇಡೀ ದಾರಿಗಿಂತ ಕಡಿದು. ಹಗುರ ಗೇರು ಬೇಕಾಗುವುದು ಇಂಥ ಇಪ್ಪತ್ತು ಮೀಟರಿಗೆ.

ಈಗ ತೂಕದ ಮಾತು. ಎರಡು ಕಿಲೋ ಹಗುರವಾದ ಸೈಕಲ್ಲಿಗೆ ಇಪ್ಪತ್ತು–ಮೂವತ್ತು ಸಾವಿರ ಹೆಚ್ಚು ಕೊಡುವವರಿದ್ದಾರೆ. ಒಟ್ಟು 90 ಕಿಲೋದಲ್ಲಿ ಎರಡು ಕಿಲೋ ಎಂದರೆ ಶೇ 2ಕ್ಕಿಂತ ಸ್ವಲ್ಪ ಹೆಚ್ಚು. 45 ನಿಮಿಷದ ಏರಿನಲ್ಲಿ ಉಳಿಯುವುದು ಒಂದು ನಿಮಿಷ. ಸ್ಪರ್ಧೆಗೆ ಹೋಗುವವರಿಗೆ ಅದು ದೊಡ್ಡದು, ಸಂತೋಷಕ್ಕೆ ಹತ್ತುವವರಿಗೆ ಅದೇ ಹಣದಲ್ಲಿ ಒಳ್ಳೆಯ ಗೇರು, ಟೈರು, ಬ್ರೇಕು ಮೂರೂ ಬರುತ್ತವೆ.

ನನ್ನ ಅಳತೆ ಹೀಗಿದೆ: ಘಾಟಿ ಹತ್ತುವ ಹೊಸಬರಿಗೆ ಅನುಪಾತ 0.9 ಅಥವಾ ಅದಕ್ಕಿಂತ ಕಡಿಮೆ. ವರ್ಷವಿಡೀ ಅಭ್ಯಾಸ ಇರುವವರಿಗೆ 1.0 ಸಾಕು. ಮಣ್ಣಿನ ಕಡಿದಾದ ದಾರಿಗೆ 0.7ರ ಸುತ್ತಮುತ್ತ.

ಇಳಿಯುವಾಗ

ಐನೂರು ಮೀಟರ್ ಎತ್ತರದಿಂದ ಇಳಿಯುವಾಗ, ತಿರುವುಗಳು ಹೆಚ್ಚಿದ್ದಷ್ಟೂ, ಹತ್ತಿ ಸಂಪಾದಿಸಿದ ಶಕ್ತಿಯ ದೊಡ್ಡ ಪಾಲು ಬ್ರೇಕಿನಲ್ಲಿ ಬಿಸಿಯಾಗಿ ಹೋಗಬೇಕು. ಸೋಮೇಶ್ವರದ ಕಡೆಗೆ ಇಳಿಯುವ ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು, ಪ್ರತಿ ತಿರುವಿಗೂ ವೇಗ ಪೂರ್ತಿ ತಗ್ಗಿಸಬೇಕು.

ರಬ್ಬರ್ ಪ್ಯಾಡುಗಳು ಚಕ್ರದ ಅಂಚನ್ನೇ, ಅಂದರೆ ರಿಮ್ಮನ್ನೇ ಒತ್ತುವ ರಿಮ್ ಬ್ರೇಕಿನಲ್ಲಿ ಈ ಬಿಸಿ ರಿಮ್ಮಿಗೇ ಹೋಗುತ್ತದೆ. ಬ್ರೇಕನ್ನು ಹಿಡಿದೇ ಇಟ್ಟುಕೊಂಡು ಇಳಿದರೆ ಒಳಗಿನ ಟ್ಯೂಬಿನ ಹಳೆಯ ಪಂಕ್ಚರ್ ತೇಪೆಯ ಅಂಟು ಮೆತ್ತಗಾಗಿ ಗಾಳಿ ಬಿಡಬಹುದು, ಹೆಚ್ಚು ಗಾಳಿ ತುಂಬಿದ ಟ್ಯೂಬು ಸಿಡಿಯಲೂಬಹುದು. ಒಣ ದಿನಗಳಲ್ಲಿ ಒತ್ತಿ, ಬಿಟ್ಟು, ಮತ್ತೆ ಒತ್ತುವ ಅಭ್ಯಾಸ ಇದ್ದರೆ ತೊಂದರೆ ಇಲ್ಲ. ಮಳೆಯಲ್ಲಿ ಮಾತ್ರ ರಿಮ್ ಒದ್ದೆಯಾಗಿ, ಮೊದಲ ಒಂದೆರಡು ಚಕ್ರದ ಸುತ್ತು ನೀರು ಒರೆಸುವುದರಲ್ಲೇ ಹೋಗುತ್ತದೆ. ಬ್ರೇಕ್ ಹಿಡಿಯುವುದು ಆಮೇಲೆ. ಜಲ್ಲಿಪುಡಿ ಪ್ಯಾಡಿಗೆ ಮೆತ್ತಿ ರಿಮ್ಮನ್ನು ಅರೆಯುತ್ತದೆ.

ಚಕ್ರದ ನಡುವಿನ ಲೋಹದ ತಟ್ಟೆಯನ್ನು (ರೋಟರ್) ಪ್ಯಾಡು ಹಿಡಿಯುವ ಡಿಸ್ಕ್ ಬ್ರೇಕ್ ಮಳೆಗೆ ಉತ್ತಮ. ಅದರಲ್ಲೂ ಎರಡು ಬಗೆ. ತಂತಿಯಿಂದ ಎಳೆಯುವ ಮೆಕ್ಯಾನಿಕಲ್ ಡಿಸ್ಕಿನಲ್ಲಿ ಪ್ಯಾಡ್ ಸವೆದಂತೆ ನಾವೇ ತಿರುಪು ತಿರುಗಿಸಿ ಹತ್ತಿರ ತರಬೇಕು. ಅಗ್ಗದವುಗಳಲ್ಲಿ ಒಂದು ಬದಿಯ ಪ್ಯಾಡ್ ಮಾತ್ರ ಚಲಿಸುತ್ತದೆ, ಇನ್ನೊಂದನ್ನು ಮರೆತರೆ ಲಿವರ್ ಹ್ಯಾಂಡಲ್ಲಿಗೇ ಬಂದು ತಾಗುತ್ತದೆ. ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಡಿಸ್ಕ್ ತಾನೇ ಸರಿಹೊಂದಿಕೊಳ್ಳುತ್ತದೆ, ಒಂದು ಬೆರಳಿಗೆ ನಿಲ್ಲುತ್ತದೆ, ಕೈ ನೋಯುವುದಿಲ್ಲ. ಆದರೆ ಎಣ್ಣೆ ಸೋರಿದರೆ ಅಥವಾ ಒಳಗೆ ಗಾಳಿ ಸೇರಿದರೆ ಅದನ್ನು ಬ್ಲೀಡ್ ಮಾಡುವ (ಗಾಳಿ ತೆಗೆದು ಎಣ್ಣೆ ತುಂಬುವ) ಸಾಮಾನು ಚಿಕ್ಕ ಊರಿನ ಸೈಕಲ್ ಶಾಪಿನಲ್ಲಿ ಇರುವುದು ಅಪರೂಪ. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್ ಮಾತ್ರ. ಮೋಟಾರ್ ಸೈಕಲ್ಲಿನ ಡಾಟ್ ಆಯಿಲ್ ಹಾಕಿದರೆ ಒಳಗಿನ ಸೀಲುಗಳು ಹಾಳು.

ಪ್ಯಾಡ್ ಬಗ್ಗೆ ಒಂದು ಮಾತು. ರೆಸಿನ್ ಪ್ಯಾಡ್ ಸದ್ದಿಲ್ಲದೆ ಹಿಡಿಯುತ್ತದೆ, ಕೆಸರು–ಮರಳಿನಲ್ಲಿ ಬೇಗ ಸವೆಯುತ್ತದೆ. ಲೋಹದ ಪ್ಯಾಡ್ ಮಳೆಗಾಲದಲ್ಲಿ ಹೆಚ್ಚು ಬಾಳುತ್ತದೆ. ಆದರೆ ಕೆಲವು ರೋಟರ್‌ಗಳ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಅಚ್ಚೊತ್ತಿರುತ್ತದೆ, ಅಂಥದಕ್ಕೆ ಲೋಹದ್ದು ಹಾಕಿದರೆ ರೋಟರ್ ಬೇಗ ತಿಂದುಹೋಗುತ್ತದೆ. ಇನ್ನು ಚೈನಿಗೆ ಸ್ಪ್ರೇ ಎಣ್ಣೆ ಹೊಡೆಯುವಾಗ ಹನಿ ರೋಟರ್ ಮೇಲೆ ಬಿದ್ದರೆ ಬ್ರೇಕ್ ಕಿರುಚುತ್ತದೆ, ಹಿಡಿತವೂ ಹೋಗುತ್ತದೆ. ಡಿಸ್ಕ್ ಇರುವವರು ಹನಿ ಹನಿಯಾಗಿ ಬಿಡುವ ಬಾಟಲಿ ಎಣ್ಣೆಯನ್ನೇ ಬಳಸಬೇಕು.

ಟೈರು

ಅಗಲ ಟೈರು ನಿಧಾನ ಎಂಬ ನಂಬಿಕೆ ನುಣುಪು ರಸ್ತೆಗೆ ಮಾತ್ರ ಸ್ವಲ್ಪ ನಿಜ. ಕಿತ್ತ ಟಾರಿನ ಮೇಲೆ ಗಟ್ಟಿ ಗಾಳಿಯ ತೆಳು ಟೈರು ಪ್ರತಿ ಕಲ್ಲಿಗೂ ಸೈಕಲ್ಲನ್ನು, ಸವಾರರನ್ನು ಮೇಲಕ್ಕೆತ್ತುತ್ತದೆ. ಆ ಶಕ್ತಿ ಮುಂದೆ ಹೋಗಲು ಸಿಗುವುದಿಲ್ಲ. 75 ಕಿಲೋ ತೂಗುವವರಿಗೆ ಟ್ಯೂಬ್ ಇರುವ ಟೈರಿನಲ್ಲಿ ಗಾಳಿಯ ಅಂದಾಜು: 25 ಮಿ.ಮೀ.ಗೆ 85ರಿಂದ 95 ಪಿಎಸ್‌ಐ, 28ಕ್ಕೆ 70ರಿಂದ 80, 32ಕ್ಕೆ 55ರಿಂದ 65, 40ಕ್ಕೆ 38ರಿಂದ 45, ಎಂಟಿಬಿಯ 2.1 ಇಂಚಿಗೆ 25ರಿಂದ 32. ಹಿಂದಿನ ಚಕ್ರಕ್ಕೆ ಮುಂದಿನದಕ್ಕಿಂತ ಎರಡು ಮೂರು ಹೆಚ್ಚು.

ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಕಂಡರೆ ಅದು ಮುಳ್ಳಿನದಲ್ಲ, ಗಾಳಿ ಕಡಿಮೆಯಾಗಿ ಗುಂಡಿಯ ಅಂಚಿಗೆ ರಿಮ್ ಬಡಿದದ್ದು. ಗಾಳಿ ಏರಿಸಿ, ಇಲ್ಲವೇ ಅಗಲ ಟೈರು ಹಾಕಿ. ಒಂದೇ ಸಣ್ಣ ತೂತಾದರೆ ಟೈರಿನ ಒಳಗೆ ಬೆರಳಾಡಿಸಿ ಮುಳ್ಳನ್ನು ಹುಡುಕಿ ತೆಗೆಯದೆ ಹೊಸ ಟ್ಯೂಬು ಹಾಕಬಾರದು. ಮುರಿದ ಜಾಲಿಮುಳ್ಳಿನ ತುದಿ ಒಳಗೆ ಉಳಿದು ಹತ್ತು ನಿಮಿಷದಲ್ಲಿ ಅದನ್ನೂ ಚುಚ್ಚುತ್ತದೆ. ಬಯಲುಸೀಮೆಯ ಗಾಡಿದಾರಿಗಳಲ್ಲಿ ತಿರುಗುವವರಿಗೆ ಟ್ಯೂಬ್ ಬದಲು ಒಳಗೆ ತೂತು ಮುಚ್ಚುವ ದ್ರವ (ಸೀಲೆಂಟ್) ಹಾಕುವ ಟ್ಯೂಬ್‌ಲೆಸ್ ಕಟ್ಟಿಸುವುದು ಹಣಕ್ಕೆ ತಕ್ಕ ಕೆಲಸ: 40 ಮಿ.ಮೀ. ಟೈರಿಗೆ ಸುಮಾರು 60 ಮಿ.ಲೀ., 29 ಇಂಚಿನ ಎಂಟಿಬಿ ಟೈರಿಗೆ 100 ಮಿ.ಲೀ. ಸೀಲೆಂಟ್. ನಮ್ಮ ಬಿಸಿಲಿಗೆ ಅದು ಮೂರು ತಿಂಗಳಲ್ಲಿ ಒಣಗುತ್ತದೆ, ಮತ್ತೆ ತುಂಬಬೇಕು.

ವಾಲ್ವ್ ಕೂಡ ನೋಡಿ. ದಪ್ಪನೆಯ ಶ್ರೇಡರ್ ವಾಲ್ವ್ ಆದರೆ ಕಾರು–ಬೈಕಿನ ಪಂಕ್ಚರ್ ಅಂಗಡಿಯಲ್ಲೂ ಗಾಳಿ ಸಿಗುತ್ತದೆ. ತೆಳ್ಳನೆಯ ಪ್ರೆಸ್ಟಾ ಆದರೆ ಹಿತ್ತಾಳೆಯ ಸಣ್ಣ ಅಡಾಪ್ಟರ್ ಒಂದನ್ನು ಸೀಟಿನ ಚೀಲದಲ್ಲಿ ಸದಾ ಇಟ್ಟಿರಬೇಕು.

ರೋಡ್ ಬೈಕ್

ಬಾಗಿದ ಹ್ಯಾಂಡಲ್, ತೆಳು ಟೈರು, 9.5ರಿಂದ 11 ಕಿಲೋ. ಹೆದ್ದಾರಿಯಲ್ಲಿ ಐವತ್ತು ಕಿ.ಮೀ. ಹೋಗಿ, ಟಾರಿನ ಬೆಟ್ಟ ಹತ್ತಿ, ಮತ್ತೆ ಐವತ್ತು ಮರಳುವುದಕ್ಕೆ ಇದರ ಸಮ ಇನ್ನೊಂದಿಲ್ಲ. ಎದುರುಗಾಳಿಯಲ್ಲಿ ಬಾಗಿ ಹಿಡಿಯಬಹುದು, ಗುಂಪಿನ ಜೊತೆ ಹೊಂದಿಕೊಂಡು ಹೋಗಬಹುದು.

ಕೊರತೆ ಎರಡು. ಅಂಗಡಿಯಿಂದ ಬರುವಾಗ ಹೆಚ್ಚಿನವುಗಳಲ್ಲಿ ಗೇರು ಏರಿಗೆ ಭಾರ. ಮುಂದೆ 50 ಮತ್ತು 34 ಹಲ್ಲಿನ ರಿಂಗುಗಳಿದ್ದು ಹಿಂದೆ 11ರಿಂದ 28 ಹಲ್ಲಿನವರೆಗೆ (11–28) ಇದ್ದರೆ ಕೊಳ್ಳುವಾಗಲೇ 11–32 ಅಥವಾ 11–34 ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗುಚ್ಛ) ಹಾಕಿಸಿಕೊಳ್ಳಿ. ಅದಕ್ಕೆ ಉದ್ದ ಕೇಜಿನ ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬೇಕಾಗಬಹುದು, ಚೈನೂ ಒಂದೆರಡು ಕೊಂಡಿ ಉದ್ದ ಬೇಕು. ಚೈನ್ ಉದ್ದ ಮಾಡದೆ ದೊಡ್ಡ ಕ್ಯಾಸೆಟ್ ಹಾಕಿದರೆ ಚೈನ್ ಮುಂದಿನ ದೊಡ್ಡ ರಿಂಗು, ಹಿಂದಿನ ದೊಡ್ಡ ಹಲ್ಲುಚಕ್ರ ಎರಡರ ಮೇಲೂ ಕೂತ ಕ್ಷಣ ಡಿರೇಲರ್ ಎಳೆದು ಮುರಿಯುತ್ತದೆ. ಎರಡನೆಯ ಕೊರತೆ ಟೈರಿನ ಜಾಗ. ರಿಮ್ ಬ್ರೇಕಿನ ಮಾದರಿಗಳಲ್ಲಿ ಬಹುಪಾಲು 25 ಅಥವಾ 28ಕ್ಕೆ ನಿಲ್ಲುತ್ತವೆ, ಡಿಸ್ಕ್ ಮಾದರಿಗಳಲ್ಲಿ 32 ಹಿಡಿಯುತ್ತವೆ. ಮಲೆನಾಡಿನ ಆಸೆ ಇರುವವರು 32 ಹಿಡಿಯದ ರೋಡ್ ಬೈಕ್ ಕೊಳ್ಳಬಾರದು.

ಹೊಸಬರು ಇಳಿಜಾರಿನಲ್ಲಿ ಹ್ಯಾಂಡಲ್ಲಿನ ಮೇಲ್ಭಾಗ ಹಿಡಿದು ಬ್ರೇಕ್ ಒತ್ತುತ್ತಾರೆ. ಅಲ್ಲಿಂದ ಬೆರಳಿಗೆ ಬಲ ಸಿಗುವುದಿಲ್ಲ, ಐದನೆಯ ತಿರುವಿಗೆ ಕೈ ಸೋಲುತ್ತದೆ. ಕೆಳಗಿನ ಬಾಗು ಹಿಡಿದು ಇಳಿಯುವುದನ್ನು ಸಮತಟ್ಟಿನಲ್ಲಿ ರೂಢಿ ಮಾಡಿಕೊಂಡ ಮೇಲೆಯೇ ಘಾಟಿಗೆ ಹೋಗಿ.

ಹೈಬ್ರಿಡ್

ಒಂದೇ ಸೈಕಲ್, ಮಧ್ಯಮ ಬಜೆಟ್, ಟಾರು ಹೆಚ್ಚು, ನಡುನಡುವೆ ಮಣ್ಣು ಎನ್ನುವವರಿಗೆ ನನ್ನ ಮೊದಲ ಸಲಹೆ ಇದೇ. ನೇರ ಹ್ಯಾಂಡಲ್, 32ರಿಂದ 42 ಮಿ.ಮೀ. ಟೈರು, ಮುಂದೆ ಎರಡು ಅಥವಾ ಮೂರು ಚೈನ್‌ರಿಂಗ್. 28–34 ಜೋಡಿ ಸಿಗುವ ಮಾದರಿಗಳು ಸಾಕಷ್ಟಿವೆ. ಅಗ್ಗದ 24–28 ಜೋಡಿಯೂ ಏರಿಗೆ ಹೆಚ್ಚುಕಡಿಮೆ ಅಷ್ಟೇ ಹಗುರ. ಕ್ಯಾರಿಯರ್, ಮಡ್‌ಗಾರ್ಡ್ ಕೂರಿಸಲು ತೂತುಗಳಿರುತ್ತವೆ. ಏಳು, ಎಂಟು ಗೇರಿನ ಚೈನು, ಫ್ರೀವೀಲು (ಅಗ್ಗದ ಸೈಕಲ್ಲಿನ ಹಿಂದಿನ ಹಲ್ಲುಚಕ್ರಗಳ ಗುಚ್ಛ), ರಿಮ್ ಬ್ರೇಕಿನ ಒಂದು ಬಗೆಯಾದ ವಿ-ಬ್ರೇಕಿನ ಪ್ಯಾಡು ಹಾಸನ, ಶಿವಮೊಗ್ಗ, ಮಡಿಕೇರಿಯಂಥ ಊರುಗಳಲ್ಲೂ ಕೇಳಿದರೆ ಸಿಗುವ ಸಾಮಾನು. ಹನ್ನೊಂದು ಗೇರಿನ ಚೈನಿಗೆ ಬೆಂಗಳೂರು, ಮೈಸೂರು, ಮಂಗಳೂರಿಗೇ ಹೇಳಿ ತರಿಸಬೇಕಾಗಬಹುದು.

ಮುಂದೆ ಸಸ್ಪೆನ್ಷನ್ ಇರುವ ಅಗ್ಗದ ಹೈಬ್ರಿಡ್ ಬೇಡ. ಐವತ್ತು ಅರವತ್ತು ಮಿ.ಮೀ. ಕುಪ್ಪಳಿಸುವ ಆ ಸ್ಪ್ರಿಂಗ್ ಫೋರ್ಕು ಒಂದು ಕಿಲೋಗಿಂತ ಹೆಚ್ಚು ಭಾರ ಸೇರಿಸುತ್ತದೆ, ನಿಂತು ತುಳಿದಾಗ ಶಕ್ತಿಯನ್ನು ಕುಡಿಯುತ್ತದೆ, ಎರಡು ಮಳೆಗಾಲದಲ್ಲಿ ಒಳಗೆ ತುಕ್ಕು ಹಿಡಿದು ಗಟ್ಟಿಯಾಗುತ್ತದೆ. ಗಟ್ಟಿ ಫೋರ್ಕಿಗೆ 38 ಮಿ.ಮೀ. ಟೈರು ಹಾಕಿ ಗಾಳಿ ಸರಿಯಾಗಿ ಇಟ್ಟರೆ ಅದಕ್ಕಿಂತ ಹಿತವಾಗಿ ಓಡುತ್ತದೆ.

ನೇರ ಹ್ಯಾಂಡಲ್ಲಿನಲ್ಲಿ ಕೈ ಇಡುವ ಜಾಗ ಒಂದೇ. ಮೂರು ಗಂಟೆ ದಾಟಿದರೆ ಅಂಗೈಯ ಕಿರುಬೆರಳಿನ ಬದಿ ಜೋಮು ಹಿಡಿಯುತ್ತದೆ. ಹ್ಯಾಂಡಲ್ ತುದಿಗೆ ಕೊಂಬಿನಂತೆ ಕೂರುವ ಬಾರ್ ಎಂಡ್ ಹಾಕಿಸಿದರೆ ಹಿಡಿತ ಬದಲಿಸಬಹುದು, ಏರಿನಲ್ಲಿ ನಿಂತು ತುಳಿಯಲೂ ಅದು ಆಸರೆ.

ಅಗ್ಗದ ಹೈಬ್ರಿಡ್ ಈಗಾಗಲೇ ಮನೆಯಲ್ಲಿದ್ದರೆ ಹೊಸದು ಕೊಳ್ಳುವ ಮೊದಲು ಹಿಂದಿನ ಫ್ರೀವೀಲ್ ನೋಡಿ. ಏಳು ಗೇರಿನ 14–28 ಇದ್ದರೆ ಅದರ ಜಾಗದಲ್ಲಿ 14–34 ಕೂರಿಸಬಹುದು. ಡಿರೇಲರ್ 34 ಹಲ್ಲು ದಾಟಬಲ್ಲದೇ ಎಂದು ಖಚಿತಪಡಿಸಿಕೊಂಡು ಚೈನ್ ಉದ್ದ ಸರಿಮಾಡಿಸಿ. ಮುಂದೆ 28 ಇದ್ದರೆ ಅನುಪಾತ 1.0ಯಿಂದ 0.82ಕ್ಕೆ ಇಳಿಯುತ್ತದೆ. ಎರಡು ಸಾವಿರದೊಳಗೆ ಮುಗಿಯುವ ಈ ಕೆಲಸ ಇಪ್ಪತ್ತು ಸಾವಿರದ ಹೊಸ ಸೈಕಲ್ಲಿನ ಅಗತ್ಯವನ್ನೇ ತಪ್ಪಿಸಬಹುದು.

ಎಂಟಿಬಿ

ಹಾಳೆಯಲ್ಲಿ ಬರೆದ ದಾರಿಯ ಮೂರನೇ ಒಂದಕ್ಕಿಂತ ಹೆಚ್ಚು ಭಾಗ ಬೇರು, ಬಂಡೆ, ಸಡಿಲ ಕಲ್ಲು, ಕೆಸರು ಆಗಿದ್ದರೆ ಎಂಟಿಬಿ ಬೇಕು. ಇಲ್ಲದಿದ್ದರೆ ಬೇಡ. ಅಗಲ ಟೈರಿನ ಹಿಡಿತ, 0.64ರವರೆಗಿನ ಗೇರು, ಸಡಿಲ ಇಳಿಜಾರಿನಲ್ಲಿ ಕೊಡುವ ಧೈರ್ಯ ಬೇರೆ ಯಾವುದರಲ್ಲೂ ಇಲ್ಲ. ಟಾರಿನ ಮೇಲೆ ಗುಬುಟು ಟೈರು ಗುಂಯ್‌ಗುಟ್ಟುತ್ತಾ ಎಳೆಯುತ್ತದೆ, ದಿನಕ್ಕೆ ಎಂಬತ್ತು ಕಿ.ಮೀ. ಎಂದರೆ ಬೇಸರ ತರಿಸುತ್ತದೆ.

ಇಲ್ಲಿ ಬಜೆಟ್ ತುಂಬ ಮುಖ್ಯ. ಹದಿನೈದು ಸಾವಿರದ ಸುತ್ತಿನ ಎಂಟಿಬಿ 15–17 ಕಿಲೋ ತೂಗುತ್ತದೆ. ಅದರ ಹಿಂದಿನ ಹಬ್ (ಚಕ್ರದ ನಡುಭಾಗ) ಫ್ರೀವೀಲ್ ಮಾದರಿಯದು, ಬಲಗಡೆ ಬೇರಿಂಗ್ ಒಳಗೆ ಕೂತು ಅಚ್ಚಿನ ತುದಿ ಆಸರೆಯಿಲ್ಲದೆ ಹೊರಚಾಚಿರುತ್ತದೆ. ಎಂಬತ್ತು ಕಿಲೋ ಸವಾರರು ಕಲ್ಲುದಾರಿಯಲ್ಲಿ ಬಡಿಸಿಕೊಂಡು ಇಳಿದರೆ ಅಚ್ಚು ಬಾಗುತ್ತದೆ, ಮುರಿಯುವುದೂ ಉಂಟು. ಕ್ಯಾಸೆಟ್ ಮಾದರಿಯ ಹಬ್‌ನಲ್ಲಿ ಬೇರಿಂಗ್ ಹೊರತುದಿಗೆ ಇರುವುದರಿಂದ ಈ ತೊಂದರೆ ಇಲ್ಲ. ಗಾಳಿ ತುಂಬುವ ಸಸ್ಪೆನ್ಷನ್, ಹೈಡ್ರಾಲಿಕ್ ಬ್ರೇಕ್, ಕ್ಯಾಸೆಟ್ ಹಬ್ ಮೂರೂ ಸೇರಿದ ಎಂಟಿಬಿಗೆ ಐವತ್ತು ಸಾವಿರದಿಂದ ಮೇಲಕ್ಕೆ ಲೆಕ್ಕ ಹಾಕಿ.

ಮೂವತ್ತು ಸಾವಿರದೊಳಗಿನ ಡಬಲ್ ಸಸ್ಪೆನ್ಷನ್ ಸೈಕಲ್, ನಾಲ್ಕು ಇಂಚಿನ ಫ್ಯಾಟ್ ಟೈರ್ ಸೈಕಲ್ ಎರಡನ್ನೂ ಬಿಟ್ಟುಬಿಡಿ. ನೋಡಲು ಗಟ್ಟಿಮುಟ್ಟು ಎನ್ನಿಸುತ್ತವೆ. ಆದರೆ ತುಳಿದ ಶಕ್ತಿ ಹಿಂದಿನ ಸ್ಪ್ರಿಂಗಿಗೆ ಅಥವಾ ಟೈರಿನ ಭಾರಕ್ಕೆ ಹೋಗುತ್ತದೆ. ಹದಿಹರೆಯದ ಮಕ್ಕಳು ಇವನ್ನೇ ಕೇಳುತ್ತಾರೆ, ಕೊಡಿಸಿದ ಆರು ತಿಂಗಳಲ್ಲಿ ಸೈಕಲ್ ಮೂಲೆ ಸೇರುತ್ತದೆ. ಅದೇ ಹಣಕ್ಕೆ ಹಿಂದೆ ಸಸ್ಪೆನ್ಷನ್ ಇಲ್ಲದ, ಅವರ ಎತ್ತರಕ್ಕೆ ಸರಿಯಾದ ಎಂಟಿಬಿ ಕೊಡಿಸಿ.

ಅರಣ್ಯ ಇಲಾಖೆಯ ವ್ಯಾಪ್ತಿಯ ಕಾಲುದಾರಿಗಳಿಗೆ ಅನುಮತಿ ಬೇಕು, ತೋಟದ ಒಳದಾರಿಗೆ ಮಾಲೀಕರ ಒಪ್ಪಿಗೆ ಬೇಕು. ನಿಮಗೆ ಇವು ಸಿಗುವ ದಾರಿಗಳು ಹತ್ತಿರದಲ್ಲಿ ಇಲ್ಲವಾದರೆ ಎಂಟಿಬಿಗೆ ಹಾಕಿದ ಹಣಕ್ಕೆ ಕೆಲಸವಿಲ್ಲ.

ಗ್ರ್ಯಾವೆಲ್

ರೋಡ್ ಬೈಕಿನ ಹ್ಯಾಂಡಲ್, 38ರಿಂದ 45 ಮಿ.ಮೀ. ಟೈರು, ಡಿಸ್ಕ್ ಬ್ರೇಕು. ಕಿತ್ತ ಟಾರು, ಕೆಮ್ಮಣ್ಣು, ಮತ್ತೆ ಹೆದ್ದಾರಿ ಎಂದು ಒಂದೇ ದಿನದಲ್ಲಿ ಬದಲಾಗುವ ನಮ್ಮ ಮಲೆನಾಡಿನ ದಾರಿಗೆ ಇದು ಹೇಳಿ ಮಾಡಿಸಿದ ಸೈಕಲ್. ಹೈಬ್ರಿಡ್ಡಿಗಿಂತ ದೂರಕ್ಕೆ ಹಿತ, ರೋಡ್ ಬೈಕಿಗಿಂತ ಧೈರ್ಯ. ಬೆಲೆ ಮಾತ್ರ ಅದೇ ದರ್ಜೆಯ ಗೇರು, ಬ್ರೇಕಿರುವ ಹೈಬ್ರಿಡ್ಡಿನ ಒಂದೂವರೆಯಿಂದ ಎರಡು ಪಟ್ಟು.

ಇಲ್ಲೂ ಗೇರಿನ ಬಲೆಯಿದೆ. ಮುಂದೆ ಒಂದೇ 40 ಹಲ್ಲಿನ ರಿಂಗು, ಹಿಂದೆ 11–36 ಇರುವ ಮಾದರಿ ಕೊಟ್ಟರೆ ಅನುಪಾತ 1.11. ಗ್ರ್ಯಾವೆಲ್ ಎಂಬ ಹೆಸರಿದ್ದರೂ ಘಾಟಿಗೆ ಅದು ಭಾರ. ಹಿಂದೆ 42 ಇದ್ದರೆ 0.95, ಅದು ಅಭ್ಯಾಸ ಇರುವವರಿಗೆ ಸರಿ. ಮುಂದೆ 46–30, ಹಿಂದೆ 11–34 ಇದ್ದರೆ 0.88, ನಮ್ಮ ಬೆಟ್ಟಗಳಿಗೆ ಇದೇ ವಾಸಿ, ಗೇರಿನ ಹೆಜ್ಜೆಗಳೂ ಹತ್ತಿರ ಹತ್ತಿರ ಇರುತ್ತವೆ.

ವಿದ್ಯುತ್ ಸೈಕಲ್

ಮಂಡಿನೋವಿರುವವರು, ವಯಸ್ಸಾದವರು, ಬಲವಾದ ಜೊತೆಗಾರರೊಂದಿಗೆ ಹೋಗಬಯಸುವವರು ಇದನ್ನು ಯೋಚಿಸಬಹುದು. 250 ವಾಟ್ ಮೀರದ ಮೋಟಾರು, ಗಂಟೆಗೆ 25 ಕಿ.ಮೀ. ಮಿತಿ ಇದ್ದರೆ ನೋಂದಣಿ ಬೇಡ. ಸವಾರರೂ ಸೇರಿ 105 ಕಿಲೋವನ್ನು 500 ಮೀಟರ್ ಎತ್ತಲು ಬೇಕಾದ ಶಕ್ತಿ ಸುಮಾರು 143 ವಾಟ್–ಅವರ್. ಅರ್ಧ ನೀವು ತುಳಿದು, ಅರ್ಧ ಮೋಟಾರಿಗೆ ಬಿಟ್ಟರೆ, ನಷ್ಟವೂ ಸೇರಿ ಬ್ಯಾಟರಿಯಿಂದ ಸುಮಾರು 110 ಖರ್ಚು. 36 ವೋಲ್ಟ್, 7.5 ಆಂಪಿಯರ್–ಅವರ್ ಬ್ಯಾಟರಿಯಲ್ಲಿ ಇರುವುದು 270. ಒಂದು ನಂದಿ ಧಾರಾಳ, ಎರಡು ಬಿಗಿ. ಚಕ್ರದ ಹಬ್‌ನಲ್ಲಿರುವ ಮೋಟಾರು ಏಳೆಂಟು ಕಿ.ಮೀ. ವೇಗದಲ್ಲಿ ದೀರ್ಘಕಾಲ ಎಳೆದರೆ ಬಿಸಿಯಾಗುತ್ತದೆ. ಕಡಿದಾದ ಕಡೆ ಹಗುರ ಗೇರಿಗೆ ಇಳಿದು ನೀವೂ ತುಳಿಯಲೇಬೇಕು. ಬ್ಯಾಟರಿ ಮುಗಿದರೆ ಇಪ್ಪತ್ತು ಕಿಲೋ ದಾಟುವ ಸೈಕಲ್ಲನ್ನು ನೀವೇ ತಳ್ಳಬೇಕು.

ಹಣ ಎಲ್ಲಿ ಹಾಕಬೇಕು

ಬಜೆಟ್ ಎಷ್ಟೇ ಇರಲಿ, ಐದಾರು ಸಾವಿರ ಬದಿಗಿಡಿ: ಹೆಲ್ಮೆಟ್, ಹಿಂದೆ ಮುಂದೆ ದೀಪ, ಚಿಕ್ಕ ಪಂಪು, ಎರಡು ಟ್ಯೂಬು, ಟೈರ್ ಲಿವರ್, ಚೈನ್ ಬಿಚ್ಚುವ ಮಲ್ಟಿಟೂಲ್. ಉಳಿದದ್ದು ಸೈಕಲ್ಲಿಗೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಬಿಲ್ಲಿನಲ್ಲಿ ಅಷ್ಟೇ ಇದೆಯೇ ನೋಡಿ.

ಹದಿನೈದು ಸಾವಿರದ ಒಳಗೆ ಹೊಸದಕ್ಕಿಂತ ಸೆಕೆಂಡ್‌ಹ್ಯಾಂಡ್ ಹೈಬ್ರಿಡ್ ಒಳ್ಳೆಯದು. ಮೂಲ ಬಿಲ್ಲು ಮತ್ತು ಚೌಕಟ್ಟಿನ ಅಡಿಯ ನಂಬರ್ ತಾಳೆಯಾಗಬೇಕು. ಪೆಡಲ್ ಕ್ರ್ಯಾಂಕ್ ತಿರುಗುವ ಅಚ್ಚಿನ ಸುತ್ತ ಮತ್ತು ಹ್ಯಾಂಡಲ್ ಕೆಳಗಿನ ಬೆಸುಗೆಯ ಬಳಿ ಬಣ್ಣದ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡರೂ ಬೇಡ. ಚೈನ್ ಎಷ್ಟು ಸವೆದಿದೆ ಎಂದು ಅಳೆಯುವ ಗೇಜ್ 0.75 ದಾಟಿದ್ದರೆ ಚೈನ್ ಜೊತೆ ಫ್ರೀವೀಲೂ ಬದಲಿಸುವ ಖರ್ಚು ಕಳೆದು ಬೆಲೆ ಮಾತಾಡಿ.

ಇಪ್ಪತ್ತರಿಂದ ಮೂವತ್ತೈದು ಸಾವಿರಕ್ಕೆ ಗಟ್ಟಿ ಫೋರ್ಕಿನ ಹೈಬ್ರಿಡ್, ಎರಡನೆಯ ಮಾತಿಲ್ಲ. ನಲವತ್ತರಿಂದ ಎಪ್ಪತ್ತಕ್ಕೆ ಆಯ್ಕೆ ನಿಜವಾಗಿ ತೆರೆದುಕೊಳ್ಳುತ್ತದೆ. ಟಾರು ಮಾತ್ರ ಎಂದರೆ ಎಂಟು ಅಥವಾ ಒಂಬತ್ತು ಗೇರಿನ ರೋಡ್ ಬೈಕ್, ಕಾಡುದಾರಿ ಎಂದರೆ ಹಿಂದೆ ಸಸ್ಪೆನ್ಷನ್ ಇಲ್ಲದ ಎಂಟಿಬಿ, ಎರಡೂ ಎಂದರೆ ಹೈಡ್ರಾಲಿಕ್ ಬ್ರೇಕಿನ ಹೈಬ್ರಿಡ್ ಅಥವಾ ಆರಂಭದ ದರ್ಜೆಯ ಗ್ರ್ಯಾವೆಲ್. ಎಂಬತ್ತು ದಾಟಿದರೆ, ಮಲೆನಾಡಿನಲ್ಲಿ ಇರುವವರಿಗೆ ಅಥವಾ ಪದೇ ಪದೇ ಅಲ್ಲಿಗೆ ಹೋಗುವವರಿಗೆ ಗ್ರ್ಯಾವೆಲ್ಲನ್ನೇ ಹೇಳುತ್ತೇನೆ.

ಅಂಗಡಿಯಲ್ಲಿ

ಅಳತೆ ತಪ್ಪಿದ ದುಬಾರಿ ಸೈಕಲ್ಲಿಗಿಂತ ಅಳತೆ ಸರಿಯಿರುವ ಅಗ್ಗದ ಸೈಕಲ್ ಮೇಲು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕವಟೆಯಿಂದ ನೆಲಕ್ಕೆ ಇರುವ ಉದ್ದವನ್ನು ಸೆಂ.ಮೀ.ನಲ್ಲಿ ಅಳೆದು 0.883ರಿಂದ ಗುಣಿಸಿ. ಪೆಡಲ್ ಕ್ರ್ಯಾಂಕ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರಕ್ಕೆ ಅದು ಒಳ್ಳೆಯ ಆರಂಭ. ಸೀಟು ತಗ್ಗಾದರೆ ಮಂಡಿಯ ಮುಂಭಾಗ ನೋಯುತ್ತದೆ, ಎತ್ತರವಾದರೆ ಹಿಂಭಾಗ. 155 ಸೆಂ.ಮೀ.ಗಿಂತ ಕಡಿಮೆ ಎತ್ತರದವರಿಗೆ ದೊಡ್ಡ ಚಕ್ರದ ಸೈಕಲ್ಲಿನಲ್ಲಿ ತಿರುವು ತೆಗೆಯುವಾಗ ಕಾಲ್ಬೆರಳು ಮುಂದಿನ ಟೈರಿಗೆ ತಾಗಬಹುದು. ಅಂಥವರು 27.5 ಇಂಚಿನ ಚಕ್ರ, 165 ಮಿ.ಮೀ. ಪೆಡಲ್ ಕ್ರ್ಯಾಂಕ್ ಇರುವುದನ್ನು ಕೇಳಿ ನೋಡಿ.

ಓಡಿಸಿ ನೋಡಲು ಅಂಗಡಿಯ ಮುಂದಿನ ಸಮತಟ್ಟು ಸಾಲದು. ಹತ್ತಿರದ ಮೇಲುಸೇತುವೆಯ ಏರನ್ನೋ ಬೇಸ್‌ಮೆಂಟಿನ ಇಳಿಜಾರನ್ನೋ ಕೂತುಕೊಂಡೇ ಹತ್ತಿ, ಅತಿ ಹಗುರ ಗೇರಿಗೆ ಹಾಕಿ. ಗೇರು ಬದಲಿಸುವಾಗ ತುಳಿತ ಸಡಿಲಿಸಿ. ಏರಿನ ನಡುವೆ ಪೂರ್ತಿ ಬಲ ಹಾಕಿಕೊಂಡೇ ಬದಲಿಸಿದರೆ ಚೈನ್ ತುಂಡಾಗಬಹುದು. ಆಮೇಲೆ ಇಳಿದು, ಚೈನ್ ಹಿಂದಿನ ಅತಿ ದೊಡ್ಡ ಹಲ್ಲುಚಕ್ರದ ಮೇಲಿರುವಾಗ ಡಿರೇಲರನ್ನು ಬೆರಳಿನಿಂದ ಕಡ್ಡಿಗಳ ಕಡೆಗೆ ಮೆಲ್ಲಗೆ ತಳ್ಳಿ. ಕಡ್ಡಿಗೆ ತಾಗುವಷ್ಟು ಹೋದರೆ ಎಲ್ ಎಂದು ಗುರುತಿರುವ ತಿರುಪು ಸರಿಯಿಲ್ಲ, ಅಲ್ಲೇ ಸರಿಮಾಡಿಸಿ. ಇಲ್ಲವಾದರೆ ಕಡಿದಾದ ತಿರುವಿನಲ್ಲಿ ಕೊನೆಯ ಗೇರಿಗೆ ಹಾಕಿದಾಗ ಚೈನ್ ಚಕ್ರಕ್ಕೆ ಬಿದ್ದು ಕಡ್ಡಿಗಳನ್ನು ಕತ್ತರಿಸುತ್ತದೆ.

ಇದೇ ಅಪಾಯ ಬಸ್ಸಿನ ಲಗೇಜು ಜಾಗದಲ್ಲಿ ಸೈಕಲ್ ಸಾಗಿಸಿದ ಮೇಲೂ ಇದೆ. ಬಲಮಗ್ಗುಲಿಗೆ ಮಲಗಿಸಿದರೆ ಡಿರೇಲರ್ ತಗುಲಿಸಿರುವ ಹ್ಯಾಂಗರ್ ಬಾಗುತ್ತದೆ. ಪ್ರತಿ ಚೌಕಟ್ಟಿನ ಹ್ಯಾಂಗರಿನ ಆಕಾರ ಬೇರೆ, ದಾರಿಯ ಊರಿನಲ್ಲಿ ಅದು ಸಿಗುವುದಿಲ್ಲ. ಯಾವ ಸೈಕಲ್ ಕೊಂಡರೂ ಅದೇ ಮಾದರಿಯ ಹ್ಯಾಂಗರ್ ಇನ್ನೊಂದನ್ನು ಆ ದಿನವೇ ಕೊಂಡು ಸೀಟಿನ ಚೀಲಕ್ಕೆ ಹಾಕಿ.